ಕಾಡುವ ಸಂಗೀತ

ಚಳಿ ಕಳೆದಿತ್ತು, ಬಿಸಿಲು ಇನ್ನೂ ಬಲಿತಿರಲಿಲ್ಲ. ಒಣಗಿದ ಮೆಕ್ಕೆಜೋಳದ ತೆನೆ ಕಣದಲ್ಲಿ ಆಳೆತ್ತರ ರಾಶಿ ಬಿದ್ದಿತ್ತು. ಬೆಳಗಿನಿಂದ ಕಾಳು ಬಿಡಿಸುವ ಮಷೀನು ಗಡಗಡಿಸುತ್ತಿತ್ತು. ಭಾಮೈದ ಮಂಕರಿಯಲ್ಲಿ ತೆನೆ ಹೊತ್ತು ತಂದು ಅದರ ಬಾಯಿಗೆ ಸುರಿಯುತ್ತಿದ್ದ. ಈಚೆ ಬೀಳುವ ಕಾಳನ್ನು ಅಕ್ಕ ಚೀಲಕ್ಕೆ ತುಂಬುತ್ತಿದ್ದಳು. ಮಷೀನಿನ ಒಡೆಯ, ಅಕ್ಕನ ಗಂಡ, ಭಾವ ಕುರ್ಚಿಯಲ್ಲಿ ಕೂತು ಸಂಗೀತವನ್ನು ಉದ್ಧಾರ ಮಾಡುತ್ತಿದ್ದ.

ಪಡುವಣದಲ್ಲಿ ಮೋಡ ಕಟ್ಟುತ್ತಿತ್ತು. ಜೋಳ ನೆನೆದು ಬೂಷ್ಟು ಹಿಡಿದರೆ ಭಾಮೈದನ ವರ್ಷದ ದುಡಿಮೆ ಕೋಳಿಗೂ ಬೇಡವಾಗುತ್ತಿತ್ತು. ಸುತ್ತಮುತ್ತ ಮಷೀನು ಇದ್ದದ್ದು ಭಾವನ ಹತ್ತಿರ ಮಾತ್ರ. ಭಾವ ಒಳ್ಳೆಯವನು, ನೆಂಟರ ಹತ್ತಿರ ಬಾಡಿಗೆ ಕೇಳುವವನಲ್ಲ. ಅವನಿಗೆ ಬೇಕಾದದ್ದು ಅವರ ಕಿವಿ.

ಊರವರು ಕೇಳುವ ಹಾಡು ಭಾವನಿಗೆ ಆಗದು. ಒಂದು ಹಾಡನ್ನು ಎರಡನೆಯ ಮನುಷ್ಯ ಗುನುಗಿದನೆಂದರೆ ಅದು ಕೆಟ್ಟುಹೋಯಿತು ಎಂದೇ ಅವನ ಲೆಕ್ಕ. ಎಲ್ಲೆಲ್ಲಿಯೋ ಯಾರ ಕಣ್ಣಿಗೂ ಬೀಳದೆ ಬದುಕಿದ್ದ ಸಂಗೀತಗಾರರನ್ನು ಹುಡುಕಿ ಹುಡುಕಿ ಫೋನಿನಲ್ಲಿ ತುಂಬಿಕೊಂಡಿದ್ದ. ಟ್ರ್ಯಾಕ್ಟರಿಗೆ ಕಟ್ಟಿದ ಸ್ಪೀಕರು ಮಷೀನಿನ ಸದ್ದನ್ನೂ ಮೀರಿಸುತ್ತಿತ್ತು.

"ಇವಳನ್ನ ಕೇಳು," ಎಂದ ಭಾವ. "ಉಸಿರು ಒಳಗೆ ಎಳ್ಕೊಳ್ಳೋವಾಗ ಮಾತ್ರ ಹಾಡ್ತಾಳೆ."

"ಬಿಡೋವಾಗ?"

"ಸುಮ್ಮನಿರ್ತಾಳೆ. ಆ ಮೌನಾನೂ ಹಾಡೇ."

"ಅದು ಚೆನ್ನಾಗಿದೆ ಭಾವ. ಆ ಮೌನ."

ಆಮೇಲೆ ಸ್ಪೀಕರಿನಲ್ಲಿ ಬಂದವನು ಖಾಲಿ ನೀರಿನ ಟ್ಯಾಂಕಿನೊಳಗೆ ಕೂತು ಗರಗಸಕ್ಕೆ ಕಮಾನು ಎಳೆಯುತ್ತಿದ್ದ. "ಇವನನ್ನ ಇಡೀ ಪ್ರಪಂಚದಲ್ಲಿ ನೂರು ಜನ ಕೇಳಿದ್ರೆ ಹೆಚ್ಚು," ಎಂದ ಭಾವ.

"ಅದರಲ್ಲಿ ತಾವಾಗೇ ಕೇಳಿದೋರು ಎಷ್ಟು ಜನ?"

"ಏನಂದೆ?"

"ಕಾಡುತ್ತೆ ಭಾವ, ಅಂದೆ."

ಭಾವನ ಮುಖ ಅರಳಿತು. ಈ ಮಾತೊಂದು ಭಾಮೈದನನ್ನು ಎಷ್ಟೋ ವರ್ಷದಿಂದ ಸಾಕಿತ್ತು. ಹಿಂದೊಮ್ಮೆ ಪಕ್ಕದ ಹೊಲದವನು, ತಗಡು ಉಜ್ಜಿದ ಹಾಗಿದೆ ಎಂದು ಬಾಯಿಬಿಟ್ಟಿದ್ದ. ಅವತ್ತಿನಿಂದ ಅವನ ಬೆಳೆ ಬಂದಾಗಲೆಲ್ಲ ಮಷೀನಿಗೆ ಏನಾದರೂ ಕಾಯಿಲೆ. ಭಾಮೈದನಿಗೆ ಸುಳ್ಳು ಹೇಳಿ ಅಭ್ಯಾಸವಿಲ್ಲ, ನಿಜ ಹೇಳುವ ಅನುಕೂಲವೂ ಇಲ್ಲ. ಕಾಡುತ್ತೆ ಎಂದರೆ ಎರಡೂ ಆಯಿತು. ಮನಸ್ಸನ್ನು ಬಿಡದೆ ಕಾಡುತ್ತದೆ ಎಂದು ಭಾವ ತಿಳಿದುಕೊಳ್ಳುತ್ತಿದ್ದ. ಸೊಳ್ಳೆಯೂ ಕಾಡುತ್ತದೆ ಎಂದು ಅಕ್ಕ ತಿಳಿದುಕೊಂಡು ಸೆರಗಿನಲ್ಲಿ ನಗುತ್ತಿದ್ದಳು.

ಅರ್ಧ ರಾಶಿ ಕರಗಿತು. ಮೋಡ ನೆತ್ತಿಗೆ ಬಂತು. ಆಗ ಸಣ್ಣಗೆ ಒಂದು ಕೀರಲು ದನಿ ಎದ್ದು, ಎರಡಾಗಿ ಸೀಳಿ, ಕೊನೆಗೆ ನರಳಾಟವಾಯಿತು. ಭಾಮೈದ ಮಂಕರಿ ಇಳಿಸದೆಯೇ ತನ್ನ ಬಾಕಿ ಸಲ್ಲಿಸಿದ. "ಇದಂತೂ ಬಹಳ ಕಾಡುತ್ತೆ ಭಾವ."

ಭಾವ ಫೋನಿನಿಂದ ತಲೆ ಎತ್ತಿದ. "ಹಾಡು ಮುಗಿದು ಎಷ್ಟೊತ್ತಾಯ್ತು. ನಾನಿನ್ನೂ ಮುಂದಿನದು ಹುಡುಕ್ತಿದೀನಿ."

ಮೂವರೂ ಮಷೀನಿನ ಕಡೆ ನೋಡಿದರು.

"ಬೇರಿಂಗಿಗೆ ಗ್ರೀಸು ಹಾಕ್ರೀ ಅಂತ ಮೊನ್ನೆನೇ ಬಡ್ಕೊಂಡೆ. ನಿಲ್ಸಿ ಮೊದ್ಲು," ಎಂದಳು ಅಕ್ಕ.

"ತಾಳೇ. ಇವನಿಗೆ ಈಗ ಕಿವಿ ಬಂದಿದೆ." ಭಾವ ಎದ್ದುಹೋಗಿ ಬೇರಿಂಗಿನ ಪಕ್ಕ ಫೋನು ಹಿಡಿದು ರೆಕಾರ್ಡ್ ಮಾಡತೊಡಗಿದ. ನೂರು ಜನ ಕೇಳಿದವನಿಗಿಂತ ಯಾರೂ ಕೇಳದವನು ದೊಡ್ಡವನಲ್ಲವೇ.

"ಭಾವ, ಅದು ಸುಟ್ಟುಹೋಗುತ್ತೆ."

"ಬೇರಿಂಗು ಅಂತ ಗೊತ್ತಾಗೋ ಮುಂಚೆ ನಿನಗೇನನ್ನಿಸ್ತು? ಕಾಡ್ತು ತಾನೆ? ಅದೇ ನಿಜವಾದ ಕೇಳ್ಮೆ. ಅಲ್ಲಾಡಬೇಡ."

ಭಾಮೈದ ರಾಶಿ ನೋಡಿದ, ಮೋಡ ನೋಡಿದ. ಬಾಯಿಬಿಟ್ಟರೆ ಮುಂದಿನ ವರ್ಷಕ್ಕೆ ಮಷೀನಿಲ್ಲ. ಬಿಡದಿದ್ದರೆ ಈ ವರ್ಷಕ್ಕೇ ಇಲ್ಲ.

"ಭಾವ, ಕಾಡುತ್ತೆ ಅಂದದ್ದು ತಲೆನೋವು ಅನ್ನೋ ಅರ್ಥದಲ್ಲಿ."

ಭಾವ ಫೋನು ಇಳಿಸಿದ. "ಇದಾ?"

"ಎಲ್ಲಾನೂ."

"ಟ್ಯಾಂಕಿನವನೂ?"

"ಅವನೇ ಜಾಸ್ತಿ."

ಮನುಷ್ಯನಿಗೆ ಇಂಥ ಪೆಟ್ಟು ಬಿದ್ದಾಗ ಕೈ ಸ್ವಿಚ್ಚಿನ ಕಡೆ ಹೋಗುವುದಿಲ್ಲ. ಭಾವ ನಿಂತೇ ಇದ್ದ. ಬೇರಿಂಗು ಕಚ್ಚಿಕೊಂಡಿತು, ಬೆಲ್ಟು ಹೊಗೆಯಾಡಿ ಹರಿಯಿತು, ಮಷೀನು ಸುಮ್ಮನಾಯಿತು. ದಪ್ಪ ಹನಿ ಬಿತ್ತು.

ಅಕ್ಕನೂ ತಮ್ಮನೂ ಟಾರ್ಪಾಲು ಹಿಡಿದು ಓಡಿದರು. ಭಾವನೂ ಒಂದು ತುದಿ ಹಿಡಿದ, ಯಾರ ಮುಖವನ್ನೂ ನೋಡದೆ. ಚೀಲಗಳು ಉಳಿದವು. ಮಿಕ್ಕ ತೆನೆಯಲ್ಲಿ ನೆನೆದಷ್ಟನ್ನೂ ಭಾಮೈದನ ಮನೆಯೊಳಗೆ ಹೊತ್ತು ನೆಲದ ತುಂಬ ಹರಡಿದರು. ಕೈಯಲ್ಲೇ ಬಿಡಿಸಿ ಒಣಗಿಸಬೇಕು, ಬೇರೆ ದಾರಿಯಿರಲಿಲ್ಲ.

ಭಾವ ಚಪ್ಪಲಿ ಹುಡುಕತೊಡಗಿದ. "ನಾನು ಬರ್ತೀನಿ. ತಲೆನೋವು ಕೊಟ್ಟೋನು ಇಲ್ಲಿದ್ದು ಏನು ಮಾಡ್ಲಿ. ಇವನ ಋಣ ನನಗೇನೂ ಇಲ್ಲ."

"ಇದೆ," ಎಂದಳು ಅಕ್ಕ. "ಅರ್ಧ ರಾಶಿ. ಮಷೀನು ರಿಪೇರಿಯಾಗೋ ತನಕ ನೀವೇ ಮಷೀನು. ಕೂತ್ಕೊಳ್ರೀ."

ಭಾವ ಕೂತ. ತೆನೆಯ ಮೇಲೆ ಹೆಬ್ಬೆರಳು ಒತ್ತಿ ನಾಲ್ಕು ಕಾಳು ಬಿಡಿಸಿ, ಉರಿಯುವ ಬೆರಳಿಗೆ ಬಾಯಿಂದ ಗಾಳಿ ಊದಿಕೊಂಡ. ಸ್ವಲ್ಪ ಹೊತ್ತಿಗೆ ಭಾಮೈದ ಎದುರು ಬಂದು ಕೂತು, ಮೊದಲು ತೆನೆಯ ತುದಿಯಿಂದ ಒಂದು ಸಾಲು ಕಿತ್ತರೆ ಮಿಕ್ಕದ್ದು ಸಲೀಸು ಎಂದು ತೋರಿಸಿಕೊಟ್ಟ. ಭಾವ ನೋಡದವನಂತೆ ನೋಡಿ, ಹಾಗೆಯೇ ಮಾಡಿದ.

ಕತ್ತಲಾಗುವ ಹೊತ್ತಿಗೆ ಅವನ ಮುಂದಿದ್ದ ಬಕೆಟ್ಟು ಮುಕ್ಕಾಲು ತುಂಬಿತ್ತು. ಉಳಿದ ತೆನೆ ಗೋಡೆಯಿಂದ ಗೋಡೆಗೆ ಹಾಗೇ ಬಿದ್ದಿತ್ತು.

"ನಾಳೆ ಬರ್ತೀರಾ ಭಾವ?"

"ಬರ್ತೀನಿ. ಮಾತಾಡಿಸಬೇಡ," ಎಂದು ಭಾವ ಮತ್ತೊಂದು ತೆನೆಗೆ ಕೈಹಾಕಿದ.