ಮೂಲೆ ಹಿಡಿದ ಹೆಬ್ಬೆರಳು

ನ್ಯಾಯಾಧೀಶರ ತಲೆಯ ಹಿಂದೆ ತೂಗುಹಾಕಿದ ಆ ಪಟದ ಮರದ ಕಟ್ಟು ಎಡಗಡೆ ಕೆಳಮೂಲೆಯಲ್ಲಿ ಬಾಯಿ ಬಿಟ್ಟಿದೆ, ಯಾರೋ ಒಬ್ಬನೇ ಕೂತು ಕಟ್ಟು ಹಾಕಿದ್ದಾನೆ, ಅನುಮಾನವೇ ಇಲ್ಲ, ಒಬ್ಬರು ಮೂಲೆ ಒತ್ತಿ ಹಿಡಿದು ಇನ್ನೊಬ್ಬರು ಮೊಳೆ ಹೊಡೆಯದಿದ್ದರೆ ಹೀಗೇ ಆಗುವುದು, ಇವತ್ತಲ್ಲದಿದ್ದರೆ ನಾಳೆ — ಥೂ, ಇಲ್ಲಿ ತನ್ನ ಬಾಳನ್ನೇ ಪಾಲು ಮಾಡುತ್ತಿದ್ದಾರೆ, ತಾನು ನೋಡಿದರೆ ಪಟದ ಮೂಲೆ ನೋಡುತ್ತ ಕೂತಿದ್ದೇನಲ್ಲ ಎಂದು ಅವಳಿಗೆ ತನ್ನ ಮೇಲೇ ಸಿಟ್ಟು ಬಂತು, ಆದರೂ ಕಣ್ಣು ಕದಲಲಿಲ್ಲ. ನ್ಯಾಯಾಧೀಶರಿಗೆ ನೆಗಡಿ, ಮೂಗು ಒರೆಸಿಕೊಳ್ಳುತ್ತಾ ಆದೇಶ ಓದುತ್ತಿದ್ದಾರೆ, ವಿಚ್ಛೇದನದ ಮಾತು ಆಗಲೇ ಮುಗಿದುಹೋಯಿತು, ಒಂದು ಸೀನಿನಷ್ಟು ಹೊತ್ತೂ ಹಿಡಿಯಲಿಲ್ಲ ಅದಕ್ಕೆ, ಇನ್ನು ಯಾರಿಗೆ ಏನು ಅನ್ನುವುದು, ಮನೆ ಬಾಡಿಗೆಯದು, ಅದರ ಗೊಡವೆಯಿಲ್ಲ, ಪಾತ್ರೆಪಗಡ ಅವಳಿಗೆ, ಮಂಚ ಅವರಿಗೆ — ಅವರು, ಇನ್ನೂ ಅವರು ಅಂತಲೇ ಬರುತ್ತದಲ್ಲ ಬಾಯಿಗೆ — ಆಚೆ ಸಾಲಿನಲ್ಲಿ ಮುಂದಿನ ಬೆಂಚನ್ನು ಹಿಡಿದು ಕೂತಿದ್ದಾರೆ, ಬೆಂಚಿನ ಅಂಚಿನ ಮೇಲೆ ಆ ಹೆಬ್ಬೆರಳು, ಸೊಟ್ಟಗೆ ಬೆಳೆದ ಕರಿ ಉಗುರು. ಒಂದು ದಿನ ಅವಳು ಅಂಗಡಿಯಲ್ಲಿ ಪಟದ ಗಾಜು ಕೊಯ್ಯುತ್ತಿದ್ದಾಗ ಬಾಗಿಲಲ್ಲಿ ನಿಂತು ಹೇಳಿದ್ದರು, ನನಗೆ ಸಾಕಾಗಿದೆ ಕಣೇ, ಇನ್ನು ಒಬ್ಬನೇ ಇರ್ತೀನಿ, ಯಾಕ್ರೀ ಅನ್ನುವಷ್ಟರಲ್ಲಿ ಮೆಟ್ಟಿಲಿಳಿದು ಹೋಗಿದ್ದರು, ಬೇರೆ ಯಾವಳಾದರೂ ಇದ್ದಿದ್ದರೆ ಬಾಯಿತುಂಬ ಬೈದು ಹಗುರಾಗಬಹುದಿತ್ತು, ಅದೂ ಇಲ್ಲ. ಗಾಜು ಮಾತ್ರ ನೇರವಾಗಿಯೇ ಕೊಯ್ದುಬಂದಿತ್ತು.

ಪಟಗಳಿಗೆ ಕಟ್ಟು ಹಾಕುವ ಆ ಅಂಗಡಿಯ ಅರ್ಧ ಸಿಕ್ಕಿದರೆ ಸಾಕು, ಕಿಟಕಿ ಪಕ್ಕದ, ಗಾಜಿನ ಮೇಜಿರುವ ಅರ್ಧ, ಗಂಡ ಹೋದರೂ ಕೈ ಕೆಲಸ ಉಳಿಯುತ್ತದೆ, ಇನ್ನೊಬ್ಬರ ಮುಂದೆ ಕೈಚಾಚುವುದು ತಪ್ಪುತ್ತದೆ. ವಕೀಲಮ್ಮ ಎಷ್ಟು ಸಲ ಹೇಳಿಕೊಟ್ಟಿದ್ದಳು, ನೋಡಿ, ಅಂಗಡಿ ಪತ್ರದಲ್ಲಿ ನಿಮ್ಮ ಹೆಸರಿಲ್ಲ, ಸಂಬಳ ತಗೊಂಡಿದ್ದಕ್ಕೆ ಗುರುತಿಲ್ಲ, ಇರೋದು ನಿಮ್ಮ ಬಾಯೊಂದೇ, ಯಾರು ಕೇಳಿದ್ರೂ ಅಂಗಡಿ ನಮ್ಮಿಬ್ಬರದು, ಇಬ್ಬರೂ ದುಡಿದು ಕಟ್ಟಿದ್ದು ಅನ್ನಿ, ಅಷ್ಟು ಸಾಕು — ಪಾತ್ರೆ ತೊಳೆಯುವಾಗ, ಬಸ್ಸಿಗೆ ಕಾಯುವಾಗ ಅದನ್ನೇ ಬಾಯಿಪಾಠ ಮಾಡಿದ್ದಳು, ನಮ್ಮಿಬ್ಬರದು ನಮ್ಮಿಬ್ಬರದು. ಸಾಕ್ಷಿ ಹೇಳುವ ದಿನ, ಅವರ ವಕೀಲ ಗದರಿಸುತ್ತಾನೆ ಅಂತ ಎದೆ ಗಟ್ಟಿ ಮಾಡಿಕೊಂಡು ಕಟಕಟೆ ಹತ್ತಿದ್ದಳು, ಆ ಮನುಷ್ಯ ಗದರಿಸಲೇ ಇಲ್ಲ, ಕಟಕಟೆಗೆ ಮೊಣಕೈ ಊರಿ, ಮೈ ಒರಗಿಸಿ, ಥೇಟ್ ಗಿರಾಕಿಗಳ ಹಾಗೆ ನಕ್ಕು, ಅಮ್ಮಾ, ಅಂಗಡಿ ಯಾರದು ಅಂದ, ಅಷ್ಟೇ, ನಾಲಿಗೆ ತಾನಾಗಿ ಓಡಿಬಿಟ್ಟಿತು — ಅಯ್ಯೋ, ನನ್ನದೇನಿದೆ ಇದರಲ್ಲಿ, ಅಂಗಡಿ ಅವರದು, ನಾನು ಸುಮ್ನೆ ಕೂತಿರೋಳು. ಟೈಪಿಸ್ಟನ ಬೆರಳು ಟಕಟಕ ಅಂದಿತು, ವಕೀಲಮ್ಮ ಕಣ್ಣು ಮುಚ್ಚಿಕೊಂಡಳು. ಆ ಮಾತು ಕಲಿಸಿದ್ದು ಯಾರು? ಅವರೇ. ಮದುವೆಯಾದ ಹೊಸದರಲ್ಲಿ, ಸ್ವಲ್ಪ ಬಿಡಿ ಅಮ್ಮಾ, ನಾವೇನು ಹೊಸಬರಾ ಅಂತ ಗಿರಾಕಿ ಚೌಕಾಸಿಗೆ ಇಳಿದಾಗ, ನೀನು, ನನ್ನದೇನಿದೆ, ಅಂಗಡಿ ಅವರದು ಅನ್ನು, ನಾನು ಒಳಗಿಂದ ಮುಖ ಗಂಟು ಹಾಕ್ಕೋತೀನಿ ನೋಡು ಅಂದಿದ್ದರು, ಮೊಳೆಗಳನ್ನು ತುಟಿಯಲ್ಲಿ ಕಚ್ಚಿಕೊಂಡು ಎಂಥಾ ದುರುಗುಟ್ಟಿದ ನೋಟ, ಗಿರಾಕಿ ತೆಪ್ಪಗೆ ಹೇಳಿದಷ್ಟು ಕೊಟ್ಟು ಮೆಟ್ಟಿಲಿಳಿದರೆ ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಗುವುದು, ಮೊಳೆ ನುಂಗೀರಿ ರೀ, ಉಗೀರಿ ಮೊದಲು. ಅಲ್ಲ ಸ್ವಾಮಿ, ಅದು ಸುಮ್ನೆ ಹೇಳೋದು ಅಂತ ಅವಳು ತೊದಲಿದಳು, ಪ್ರಮಾಣ ಮಾಡಿ ಸುಮ್ನೆ ಹೇಳ್ತೀರೇನಮ್ಮ ಅಂದ ವಕೀಲ, ಹಿಂದೆ ಯಾರೋ ಕಿಸಕ್ಕನೆ ನಕ್ಕರು. ಅವಳು ಅವರ ಕಡೆ ನೋಡಿದಳು. ಅದು ಆಟ ಅಂತ ಈ ಲೋಕದಲ್ಲಿ ಗೊತ್ತಿದ್ದದ್ದು ಅವರೊಬ್ಬರಿಗೇ, ಗಿರಾಕಿಗೆ ಹೇಳೋ ಮಾತು ಸ್ವಾಮಿ ಅದು ಅಂದಿದ್ದರೆ ಸಾಕಿತ್ತು, ಅರ್ಧ ಎದ್ದರು ಕೂಡ, ತುಟಿ ಅಲುಗಿತು, ಹೇಳ್ತಾರೆ, ಹೇಳೇ ಹೇಳ್ತಾರೆ — ಕೂತುಬಿಟ್ಟರು.

ಈಗ ಅದೇ ಮಾತು ನೆಗಡಿಯ ಸ್ವರದಲ್ಲಿ ವಾಪಸು ಬರುತ್ತಿದೆ, ಆಕೆಯೇ ಒಪ್ಪಿಕೊಂಡಂತೆ ಅಂಗಡಿ ಗಂಡನದು, ಬಿಡುವಿನ ವೇಳೆಯಲ್ಲಿ ನೆರವಾದ ಮಾತ್ರಕ್ಕೆ ಪಾಲು ಹುಟ್ಟುವುದಿಲ್ಲ, ಗಂಡನು ಪ್ರತಿ ತಿಂಗಳೂ ಜೀವನಾಂಶ ಕೊಡತಕ್ಕದ್ದು — ಬಿಡುವಂತೆ ಬಿಡುವು, ಯಾವತ್ತಿತ್ತಪ್ಪ ಅದು, ಜ್ವರದಲ್ಲೂ ಗಾಜು ಒರೆಸಿದವಳು, ದುಡಿಯುವಾಗ ಇಲ್ಲದ ಸಂಬಳ ಕೆಲಸ ಹೋದಮೇಲೆ ಬರುತ್ತದಂತೆ, ನಗಬೇಕೋ ಅಳಬೇಕೋ, ಅಳು ಬಂದೇಬಿಟ್ಟಿತು, ಸೆರಗಿಗೂ ಕಾಯಲಿಲ್ಲ. ಏನಾದ್ರೂ ಹೇಳೋದಿದೆಯೇನಮ್ಮಾ, ಅಂದರು ನ್ಯಾಯಾಧೀಶರು. ಇದೆ ಸ್ವಾಮಿ, ನಿಮ್ಮ ಹಿಂದಿನ ಪಟದ ಮೂಲೆ ಬಿಟ್ಟಿದೆ, ಇನ್ನು ಇವರು ಮಾಡೋ ಕಟ್ಟುಗಳೂ ಹೀಗೇ ಬಿಡ್ತವೆ, ಮೊಳೆ ಹೊಡೆಯೋರು ಯಾರು ಇವರಿಗೆ — ಎಲ್ಲ ಮನಸ್ಸಿನಲ್ಲೇ, ಸೆರಗಿನಿಂದ ಮುಖ ಒರೆಸಿಕೊಂಡು ಕೈಮುಗಿದಳು. ಅವರು ಎದ್ದರು, ಬೆಂಚಿನಿಂದ ಹೆಬ್ಬೆರಳು ಎದ್ದಿತು. ಅಂಗಡಿಯಲ್ಲಿ ಮೊದಲನೇ ದಿನ ಅವಳ ಕೈಯ ಸುತ್ತಿಗೆ ಜಾರಿ ಅದರ ಮೇಲೇ ಬಿದ್ದಿತ್ತು, ಅಯ್ಯಯ್ಯೋ ಕೊಂದ್ಯಲ್ಲೇ ಅಂತ ಕುಣಿದಾಡಿಬಿಟ್ಟಿದ್ದರು, ಅವಳು ಸುತ್ತಿಗೆ ಬಿಸಾಕಿ ಅತ್ತಿದ್ದಳು, ನನ್ನ ಕೈಲಾಗಲ್ಲ ರೀ, ಆಗ ಅವರು ಬೆರಳನ್ನು ಬಾಯಿಂದ ತೆಗೆದು, ನೋವಲ್ಲೇ ನಕ್ಕು, ಮತ್ತೆ ಅದೇ ಮೂಲೆಯ ಮೇಲೆ ಒತ್ತಿ ಇಟ್ಟರು, ಹೊಡಿ, ಹೆದರಬೇಡ, ನಾನು ಹಿಡಿದಿದ್ದೀನಿ, ಹೊಡಿ — ಊದಿಕೊಂಡ ಹೆಬ್ಬೆರಳು, ಎತ್ತಿದ ಸುತ್ತಿಗೆ, ಕದಲದೆ ಕಾಯುತ್ತಿರುವ ಆ ಹೆಬ್ಬೆರಳು, ಹೆಬ್ಬೆರಳು —