ಹುಳು ಹಣ್ಣಾದ ದಿನ

ನೀಲಾವತಿ ಆ ಹೆಂಗಸಿನ ಕೈಯಿಂದ ಊದುಬತ್ತಿಯ ಕಟ್ಟನ್ನು ಕಿತ್ತುಕೊಂಡಳು. ಕಡ್ಡಿ ಗೀರಿಯಾಗಿತ್ತು, ಅದನ್ನೂ ಊದಿ ಆರಿಸಿದಳು.

“ಅಚ್ಬ್ಯಾಡಿ ಅಂತ ಎಷ್ಟ್ ಜನಕ್ಕೆ ಯೋಳ್ಲವ್ವ? ಇತ್ಲಲ್ಲಿ ರೇಶ್ಮೆ ಉಳ ಅದೆ. ಒಗೆ ಕುಡುದ್ರೆ ಒಂದೂ ಉಳಿಯಕಿಲ್ಲ.”

“ಸಾವಿನ ಮನೇಲಿ ಊದ್ಬತ್ತಿ ಬ್ಯಾಡ ಅಂದ್ರೆ ಎಂಗವ್ವ?”

“ಸತ್ತಿರೋಳೇ ಬ್ಯಾಡ ಅಂತಿದ್ಲು. ಅವಳ್ನೇ ಕೇಳೋಗಿ.”

ಸತ್ತವಳನ್ನು ಪಡಸಾಲೆಯ ಗೋಡೆಗೆ ಒರಗಿಸಿ ಕೂರಿಸಿದ್ದರು. ಹಣೆ ತುಂಬ ವಿಭೂತಿ, ಅಂಗೈಯಲ್ಲಿ ಲಿಂಗ. ಚಿಕ್ಕಮಲ್ಲಮ್ಮ ನೀಲಾವತಿಯ ಗಂಡ ಮರಿಮಲ್ಲಪ್ಪನ ಅಕ್ಕ. ಅರವತ್ತೆರಡು ವರ್ಷ, ಮದುವೆಯಾದವಳಲ್ಲ. ಹಿಂದಿನ ಸಂಜೆ ಹುಳುಗಳಿಗೆ ಸೊಪ್ಪು ಹಾಕಿ, ಕೈ ತೊಳೆದು ಜಗಲಿಯ ಮೇಲೆ ಕೂತವಳು ಮತ್ತೆ ಏಳಲಿಲ್ಲ.

ನೀಲಾವತಿಗೆ ಅಳುವಿಗಿಂತ ಮೊದಲು ಬಂದದ್ದು ಸಿಟ್ಟು. ಇನ್ನೆರಡು ದಿನ ತಡೆಯಬಾರದಿತ್ತೆ? ಹುಳು ಹಣ್ಣಾಗುವ ಹೊತ್ತು ಇದು. ಹಣ್ಣಾದ ಹುಳುಗಳನ್ನು ಆಗಿಂದಾಗಲೇ ಆರಿಸಿ, ಗೂಡು ಕಟ್ಟಲೆಂದು ಬಿದಿರಿನ ಚಂದ್ರಂಕಿಗೆ ಬಿಡಬೇಕು. ತಡವಾದರೆ ನೂಲನ್ನು ಸೊಪ್ಪಿನ ಮೇಲೆಯೇ ಸುರಿದುಬಿಡುತ್ತವೆ. ಅವಸರ ಮಾಡಿದರೆ ಗೂಡು ಕಟ್ಟುವುದೇ ಇಲ್ಲ. ಯಾವುದು ಆಗಿದೆ, ಯಾವುದು ಇಲ್ಲ ಎಂದು ಮೂವತ್ತು ವರ್ಷ ಹೇಳಿದವಳು ಚಿಕ್ಕಮಲ್ಲಮ್ಮ ಒಬ್ಬಳೇ. ಉಳಿದವರು ಅವಳು ಬೆರಳು ಮಾಡಿದ್ದನ್ನು ಎತ್ತಿಡುತ್ತಿದ್ದರು, ಅಷ್ಟೆ.

ಪಕ್ಕದ ಬೀದಿಯ ಕರಿಯಮ್ಮ ಎದೆ ಬಡಿದುಕೊಳ್ಳುತ್ತ ಬಂದು ಹೆಣವನ್ನು ತಬ್ಬಿಕೊಳ್ಳಲು ಹೋದಳು.

“ಮುಟ್ಬ್ಯಾಡ ಕನ ಕರಿಯಮ್ಮ. ಯಾರಾರ ಮುಟ್ಟುದ್ರೆ ಅವ್ಳಿಗೆ ಆಯ್ತಿರ್ನಿಲ್ಲ.”

“ಈಗ ಅವ್ಳಿಗೇನ್ ಗೊತ್ತಾದದವ್ವ?”

ನೀಲಾವತಿ ಇಬ್ಬರ ನಡುವೆ ಬಂದು ನಿಂತಳು. ಪಕ್ಕಕ್ಕೆ ಸರಿಯಲಿಲ್ಲ.

ಅಷ್ಟರಲ್ಲಿ ಮಗಳು ರೂಪಶ್ರೀ ಹುಳುಮನೆಯಿಂದ ಓಡಿ ಬಂದಳು. ಗುಂಡ್ಲುಪೇಟೆಯ ಶಾಲೆಯೊಂದರಲ್ಲಿ ಟೀಚರು. ಬೆಳಿಗ್ಗೆ ಮೊದಲ ಬಸ್ಸಿಗೆ ಬಂದಿದ್ದಳು.

“ಅವ್ವ, ಮೇಲಿನ ತಟ್ಟೆಗಳಲ್ಲಿ ಹುಳ ಸೊಪ್ಪು ಮುಟ್ತಾ ಇಲ್ಲ. ಹಣ್ಣಾಗಿರಬೇಕು.”

“ಇವತ್ತೇನಮ್ಮಿ?”

“ನಂಗೇನು ಗೊತ್ತು? ಅತ್ತೆ ಇದ್ದಿದ್ರೆ ಹೇಳೋರು.”

“ಅತ್ತೆ ಇದ್ದಿದ್ರೆ ಈ ಜನನೂ ಇರ್ತಿರ್ನಿಲ್ಲ,” ಎಂದು ನೀಲಾವತಿ ತಲೆ ಚಚ್ಚಿಕೊಂಡಳು.

*

ಇಪ್ಪತ್ತು ವರ್ಷದ ಹಿಂದೆ ಒಂದು ಬೆಳಿಗ್ಗೆ ಚಿಕ್ಕಮಲ್ಲಮ್ಮ ಹುಳುಮನೆಯಿಂದ ಹೊರಗೆ ಬಂದು, “ಇವು ಸರಿ ಇಲ್ಲ. ಸುಡ್ಬೇಕು,” ಎಂದಳು.

ಮರಿಮಲ್ಲಪ್ಪ ಒಳಗೆ ಹೋಗಿ ನೋಡಿದ. ಹುಳುಗಳು ಎಲ್ಲ ಹುಳುಗಳ ಹಾಗೆಯೇ ಇದ್ದವು. “ಏನಕ್ಕ ಸರಿ ಇಲ್ಲ?”

“ಪೊರೆ ಬಿಡಕ್ಕೆ ಎಲ್ಲ ಒಟ್ಗೆ ಕೂರ್ಬೇಕು. ಇನ್ನೂರ ಅನ್ನೊಂದು ಕೂತಿಲ್ಲ. ನಡ್ಗೆನೂ ಬ್ಯಾರೆ.”

“ಉಳದ ನಡ್ಗೆ ನೋಡ್ಕಂಡ್ ಕೂರೋರೂ ಉಂಟಾ?” ಎಂದು ನೀಲಾವತಿ ಅಡುಗೆಮನೆಯಿಂದ ಕೂಗಿದಳು. ಅವಳಿಗೆ ಸಾಕಾಗಿತ್ತು. ಮನೆಗೆ ಯಾರು ಬಂದರೂ ಮುಖ ನೋಡಿ ಮಾತಾಡದವಳು, ಸಾರಿನಲ್ಲಿ ತೊಗರಿ ಬದಲು ಹೆಸರುಬೇಳೆ ಕಂಡರೆ ತಟ್ಟೆ ಸರಿಸಿ ಏಳುವವಳು, ಹುಳುವಿನ ಮುಂದೆ ಮಾತ್ರ ಅರ್ಧ ದಿನ ಕದಲದೆ ಕೂರುತ್ತಿದ್ದಳು.

ಮೂರನೇ ದಿನ ರೇಷ್ಮೆ ಇಲಾಖೆಯವರು ಬಂದು ಹುಳುವನ್ನು ಅರೆದು ಸೂಕ್ಷ್ಮದರ್ಶಕದಲ್ಲಿಟ್ಟು ನೋಡಿದರು. ಮೊಟ್ಟೆಯಿಂದಲೇ ಬರುವ ಗಂಟುರೋಗ. “ಬರಿಗಣ್ಣಿಗೆ ಹೇಗೆ ಗೊತ್ತಾಯ್ತಮ್ಮ?” ಎಂದು ಕೇಳಿದರು.

“ನೋಡ್ದೆ,” ಎಂದಳು ಚಿಕ್ಕಮಲ್ಲಮ್ಮ.

ಅದೇ ಮೊಟ್ಟೆ ತಂದಿದ್ದ ಒಂಬತ್ತು ಮನೆಗೂ ಅವರು ಅವಳನ್ನು ಕರೆದೊಯ್ದರು. ಪ್ರತಿ ಬಾಗಿಲಲ್ಲೂ ಅವಳು ಕುಶಲ ಕೇಳದೆ, ಕೂರದೆ, ಒಂದು ನೋಟ ನೋಡಿ ಹೇಳಿದಳು: ಸುಡಿ, ಇಟ್ಟುಕೊಳ್ಳಿ, ಸುಡಿ. ಆ ಸಲ ರೋಗ ಊರು ದಾಟಲಿಲ್ಲ. ಮುಂದೆ ತಿಂಗಳುಗಟ್ಟಲೆ ನೀಲಾವತಿ ನೀರಿಗೆ ಹೋದಾಗಲೆಲ್ಲ ಹೆಂಗಸರು ಹೇಳಿದ್ದು ಒಂದೇ: “ನಿಮ್ಮತ್ಗೆಗೆ ಬಾಗ್ಲಲ್ಲಿ ಎಂಗ್ ಮಾತಾಡ್ಬೇಕು ಅಂತ ಒಸಿ ಕಲ್ಸವ್ವ.”

*

“ಅದೇನೋ ಕಾಯ್ಲೆ ಇತ್ತಂತಲ್ಲ?” ಕರಿಯಮ್ಮ ಕಣ್ಣೊರೆಸಿಕೊಂಡು ರೂಪಶ್ರೀಯನ್ನು ಕೇಳಿದಳು.

“ಕಾಯಿಲೆ ಅಲ್ಲ ಕರಿಯಮ್ಮಜ್ಜಿ. ಆಟಿಸಂ ಅಂತ. ಹುಟ್ಟಿನಿಂದಾನೇ ಮಿದುಳು ಬೇರೆ ಥರ ಕೆಲಸ ಮಾಡತ್ತೆ.”

“ಮತ್ತೆ ಮಾತ್ರೆ ಯಾಕ್ ಕೊಡ್ಲಿಲ್ಲ?”

“ಕಾಯಿಲೆ ಅಲ್ಲ ಅಂದ್ನಲ್ಲ!”

ನೀಲಾವತಿಗೆ ನಗು ಬಂದಂತಾಗಿ, ಸಾವಿನ ಮನೆ ಎಂದು ನೆನಪಾಗಿ ಸೆರಗು ಕಚ್ಚಿಕೊಂಡಳು. ಹೋದ ವರ್ಷ ಅವಳೂ ಅದನ್ನೇ ಕೇಳಿದ್ದಳು. ಶಾಲೆಯ ತರಬೇತಿಯಲ್ಲಿ ಏನನ್ನೋ ಕೇಳಿ ಬಂದ ರೂಪಶ್ರೀ ಹಟ ಹಿಡಿದು ಅತ್ತೆಯನ್ನು, ಜೊತೆಗೆ ನೀಲಾವತಿಯನ್ನೂ, ಮೈಸೂರಿನ ಡಾಕ್ಟರ ಬಳಿ ಕರೆದೊಯ್ದಿದ್ದಳು. ಚಿಕ್ಕಮಲ್ಲಮ್ಮನಿಗೆ ಅವರು ಹಿಡಿಸಿದರು. ಕೇಳಿದ್ದನ್ನು ನೇರವಾಗಿ ಕೇಳಿದರಂತೆ. ಎಲ್ಲ ಮುಗಿದು ಎದ್ದಾಗ ಅವಳೇ ಒಂದು ಪ್ರಶ್ನೆ ಕೇಳಿದಳು. “ಡಾಕ್ಟ್ರೆ, ನಮ್ಮ ನೀಲ ಒಳಗೊಂದು ಇಟ್ಕಂಡು ಒರಗೊಂದು ಯೋಳ್ತಾಳೆ. ಬ್ಯಾಡ್ದೋರಿಗೂ ಬನ್ನಿ ಬನ್ನಿ ಅಂತಾಳೆ. ಅದ್ಕೇನಂತಾರೆ?”

ಡಾಕ್ಟರು ನಕ್ಕರು. ನೀಲಾವತಿ ನಗಲಿಲ್ಲ. ಬಸ್ಸಿನಲ್ಲಿ ಚಾಮರಾಜನಗರ ಬರುವವರೆಗೂ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು.

*

ಮಧ್ಯಾಹ್ನದ ಹೊತ್ತಿಗೆ ಬೇಗೂರಿನಿಂದ ನೀಲಾವತಿಯ ಅಣ್ಣ ನಂಜುಂಡಪ್ಪ ಬಂದ. ಕೈಯಲ್ಲಿ ದೊಡ್ಡ ಸುಗಂಧರಾಜದ ಹಾರ. ಎಂಟು ವರ್ಷದಿಂದ ಈ ಹೊಸಿಲು ತುಳಿದಿರದ ಅಣ್ಣನನ್ನು ಕಂಡಿದ್ದೇ ನೀಲಾವತಿಗೆ ಬೆಳಗಿನಿಂದ ಬರದಿದ್ದ ಅಳು ಒಮ್ಮೆಲೇ ಬಂತು.

“ಈಗ್ ಬಂದ್ಯಾ ಅಣ್ಣ?”

“ಬರ್ದೆ ಇರಕ್ಕಾದದವ್ವ?” ಅವನು ಹೆಣದ ಮುಂದೆ ನಿಂತ. ಹಾರ ಹಾಕಿ, ಅವಳ ಮುಖ ನೋಡದೆ ಪಕ್ಕಕ್ಕೆ ಸರಿದ.

*

ರೂಪಶ್ರೀಗೆ ಮೊದಲ ಸಂಬಂಧ ತಂದವನು ಅವನೇ. ಮೈಸೂರಿನ ಕಡೆಯವರು, ಹುಡುಗ ಮೃತ್ಯುಂಜಯ, ಸರ್ಕಾರಿ ಕೆಲಸ. ಕೇಸರಿಬಾತು ಬಡಿಸಿ, ತಾಂಬೂಲದ ತಟ್ಟೆ ಹೊರಗೆ ಬರುವ ಹೊತ್ತಿಗೆ ಚಿಕ್ಕಮಲ್ಲಮ್ಮ ಕಂಕುಳಲ್ಲಿ ಸೊಪ್ಪಿನ ಕಂತೆ ಇಟ್ಟುಕೊಂಡೇ ಪಡಸಾಲೆಗೆ ಬಂದಳು. ಹುಡುಗನ ಕಿವಿಯನ್ನೇ ನೋಡಿದಳು.

“ನಿಮ್ಗೆ ಮದ್ವೆ ಆಗ್ಯದಲ್ಲ,” ಎಂದಳು. “ಸಂತೆಮರಳ್ಳಿ ಗೂಡು ಮಾರ್ಕೆಟ್ಟಿನ ಎದುರ್ಗಡೆ ಛತ್ರ. ಮೂರ್ ವರ್ಷದ ಕೆಳ್ಗೆ, ಗುರ್ವಾರ. ಊವಿನ ಅಕ್ಷರ್ದಲ್ಲಿ ಬರ್ದಿತ್ತು, ಮೃತ್ಯುಂಜಯ, ತೇಜಸ್ವಿನಿ ಅಂತ. ತಮ್ಮ ಗೂಡು ಆಕಿ ಬರಗಂಟ ನಾನು ಎದುರ್ಗೇ ಕೂತಿದ್ದೆ. ಎಡಗಿವಿ ಕೆಳ್ಗೆ ಇದೇ ಮಚ್ಚೆ.”

ಹುಡುಗನ ತಾಯಿ ಎದ್ದು ನಿಂತಳು. ಯಾರನ್ನೋ ನೋಡಿ ಯಾರೋ ಅಂದುಕೊಂಡಿದ್ದಾರೆ ಎಂದು ಹುಡುಗನ ತಂದೆ ನಕ್ಕ. ನಂಜುಂಡಪ್ಪನ ಮುಖ ಕೆಂಪಾಯಿತು.

“ಈ ಉಚ್ಚೀನ ಒಳಿಕ್ ಕಟ್ಟಾಕಿ ಅಂತ ಮೊದ್ಲೇ ಯೋಳಿದ್ನೋ ಇಲ್ವೋ?”

“ತಪ್ಪಾಯ್ತು ಅನ್ನಕ್ಕ,” ನೀಲಾವತಿ ಅವಳ ಮುಂದೆ ಕೈ ಮುಗಿದಳು. “ಬಾಯ್ ಮಾತ್ಗಾದ್ರೂ ಅನ್ನು.”

“ತಪ್ಪಾಗಿಲ್ವಲ್ಲ ನೀಲ,” ಎಂದಳು ಚಿಕ್ಕಮಲ್ಲಮ್ಮ.

ಬಂದವರು ಹೊರಟುಹೋದರು. ಅವರ ಹಿಂದೆಯೇ ಹೊರಟ ನಂಜುಂಡಪ್ಪ ಮತ್ತೆ ಬರಲಿಲ್ಲ. ಹಬ್ಬಕ್ಕೆ ನೀಲಾವತಿಯನ್ನು ಕರೆಯಲೂ ಇಲ್ಲ.

*

ಹೊಲದ ಬದಿಯಲ್ಲಿ ಗುಣಿ ಸಿದ್ಧವಾಗಿತ್ತು. ಅಯ್ಯನವರು ಮಂತ್ರ ಹೇಳಿದರು. ವಿಭೂತಿ, ಬಿಲ್ವಪತ್ರೆ ಹಾಕಿ, ಎಲ್ಲರೂ ಮೂರು ಹಿಡಿ ಮಣ್ಣು ಹಾಕಿದರು. ಮರಿಮಲ್ಲಪ್ಪ ಮಾತ್ರ ಹಿಡಿ ಮಣ್ಣು ಹಿಡಿದುಕೊಂಡು ಬಹಳ ಹೊತ್ತು ನಿಂತಿದ್ದ.

ವಾಪಸು ಬರುವಾಗ ನಂಜುಂಡಪ್ಪ ತಂಗಿಯ ಪಕ್ಕದಲ್ಲಿ ನಡೆಯುತ್ತ, ನೆಲ ನೋಡಿಕೊಂಡು ಹೇಳಿದ:

“ಅವಳು ಯೋಳಿದ್ದು ದಿಟ ಕನವ್ವ. ಆ ಉಡುಗಂಗೆ ಮದ್ವೆ ಆಗಿತ್ತು. ಕಟ್ಕಂಡ ಎಣ್ ಮಗ ತವರ್ಮನೇಲಿತ್ತು. ಆರೇ ತಿಂಗ್ಳಿಗೆ ನಂಗೆ ಗೊತ್ತಾಯ್ತು.”

ನೀಲಾವತಿ ನಿಂತುಬಿಟ್ಟಳು.

“ಆರೇ ತಿಂಗ್ಳಿಗೆ?”

“ಎಂಗ್ ಬಂದು ಯೋಳದವ್ವ? ಎಲ್ರೆದ್ರಿಗೆ ಉಚ್ಚಿ ಅಂದ್ಬುಟ್ಟಿದ್ದೆ.”

“ನಿನ್ ತಾವು ಬಾಯಿರ್ನಿಲ್ವಾ? ಪೋನಿರ್ನಿಲ್ವಾ?” ಅವಳ ದನಿಗೆ ಮುಂದೆ ಹೋಗುತ್ತಿದ್ದವರು ತಿರುಗಿ ನೋಡಿದರು. “ತವರು ಕಳುದ್ಬುಟ್ಲು ಅಂತ ಒಂದ್ ವರ್ಷ ಅವಳ್ನ ಮಾತಾಡಿಸ್ನಿಲ್ಲ ಕನಣ್ಣ ನಾನು! ಅವಳು ಮಾತ್ರ ಬತ್ತಿದ್ಲು. ದಿನಾ ನಾಕ್ ಗಂಟ್ಗೆ ಬಂದು, ಯಾವ್ ತಟ್ಟೇಲಿ ಉಳ ಎಂಗದೆ, ಬಣ್ಣ ಎಂಗದೆ, ಎಷ್ಟು ತಿಂತು ಅಂತ ಎಲ್ಲ ಯೋಳಿ ಓಗೋಳು. ನಾನು ತಿರುಗೀನೂ ನೋಡ್ತಿರ್ನಿಲ್ಲ. ಸಾಕು ಓಗಕ್ಕ ಅಂದ್ರೆ, ಇನ್ನೂ ಮುಗ್ದಿಲ್ಲ ಅನ್ನೋಳು.”

ನಂಜುಂಡಪ್ಪ ಟವೆಲಿನಿಂದ ಮುಖ ಒರೆಸಿಕೊಂಡ. “ಈಗ್ ಯೋಳ್ದೆ,” ಎಂದ.

“ಯಾರ್ಗೆ ಯೋಳ್ದೆ? ಅಲ್ಲಿ ಮಣ್ಣಾಕ್ ಬಂದು ನಂಗೆ ಯೋಳ್ದೆ!”

ಅವಳು ಮುಂದೆ ನಡೆದಳು.

*

ಎಲ್ಲರ ಸ್ನಾನ ಮುಗಿಯುವ ಹೊತ್ತಿಗೆ ರೂಪಶ್ರೀ ಹುಳುಮನೆಯ ಬಾಗಿಲಲ್ಲಿ ಅಳುಮುಖ ಮಾಡಿ ನಿಂತಿದ್ದಳು. ಹುಳುಗಳು ಸೊಪ್ಪು ಬಿಟ್ಟು ತಟ್ಟೆಯ ಅಂಚಿಗೆ ಹತ್ತುತ್ತಿದ್ದವು. ಮರಿಮಲ್ಲಪ್ಪ ಚಂದ್ರಂಕಿಗಳನ್ನು ಸಾಲಾಗಿ ಇಟ್ಟು, ಕೈ ಚೆಲ್ಲಿ ಕೂತಿದ್ದ.

“ನಂಗೆ ಎಲ್ಲ ಒಂದೇ ಥರ ಕಾಣ್ತವೆ ನೀಲ. ಅಕ್ಕ ಬೆಳ್ಳು ಮಾಡಿ ತೋರ್ಸೋಳು, ನಾನು ಎತ್ತಿಡ್ತಿದ್ದೆ.”

ನೀಲಾವತಿ ಒಂದು ಹುಳುವನ್ನು ಎತ್ತಿ ಕಿಟಕಿಯ ಬೆಳಕಿಗೆ ಹಿಡಿದಳು. “ಇದಾಗಿಲ್ಲ. ಕುತ್ಗೆ ತಾವು ಇನ್ನೂ ಅಸ್ರು ಅದೆ,” ಎಂದಳು. ಇನ್ನೊಂದನ್ನು ಎತ್ತಿದಳು. “ಇದಾಗ್ಯದೆ. ಮೈ ಕುಗ್ಗ್ಯದೆ, ಬೆಳ್ಕು ಒಳಿಕ್ ಓಯ್ತದೆ.” ಅದನ್ನು ಚಂದ್ರಂಕಿಗೆ ಬಿಟ್ಟಳು. ಮಾತು ಅವಳದ್ದಲ್ಲ. ದನಿಯ ಏರಿಳಿತವಿಲ್ಲದ ಆ ಧಾಟಿಯೂ ಅವಳದ್ದಲ್ಲ.

ಮರಿಮಲ್ಲಪ್ಪ ತಲೆ ಎತ್ತಿ ಹೆಂಡತಿಯನ್ನೇ ನೋಡಿದ.

“ಏನ್ ನೋಡಿಯೆ? ಬಾ, ಇಡ್ಕೊ,” ಎಂದು ಅವಳು ಗದರಿದಳು.

ಮಣ್ಣು ಮಾಡಿ ಬಂದ ನೆಂಟರನ್ನು ಒಬ್ಬೊಬ್ಬರಾಗಿ ಒಳಗೆ ಕರೆದಳು. ಅವರು ಒದ್ದೆ ತಲೆಯಲ್ಲೇ ತಟ್ಟೆಗಳ ಮುಂದೆ ಬಗ್ಗಿ, ಹುಳುಗಳನ್ನು ಅಂಗೈಯಲ್ಲಿಟ್ಟು ಅವಳಿಗೆ ಚಾಚಿದರು. ಆಗ್ಯದೆ. ಇಲ್ಲ. ಆಗ್ಯದೆ. ಆಗ್ಯದೆ. ಇಲ್ಲ. ಸೊಪ್ಪು ಮೇಯುವ ಸದ್ದು ಒಂದೊಂದೇ ತಟ್ಟೆಯಲ್ಲಿ ನಿಂತುಹೋಯಿತು.

ಕೊನೆಯವನಾಗಿ ನಂಜುಂಡಪ್ಪ ಬಂದು ಕೈ ಚಾಚಿದ. ಅವನ ಅಂಗೈಯ ಹುಳು ಮುಂಭಾಗವನ್ನೆತ್ತಿ, ತಲೆಯನ್ನು ಅತ್ತ ಇತ್ತ ಆಡಿಸುತ್ತಿತ್ತು. ನೀಲಾವತಿ ಇನ್ನೂ ಏನೂ ಹೇಳಿರಲಿಲ್ಲ. ಹುಳು ಅವನ ಹೆಬ್ಬೆರಳಿಗೆ ಮೊದಲ ಎಳೆಯನ್ನು ಅಂಟಿಸಿತು. ಕೈ ಹಿಂದಕ್ಕೆಳೆದರೆ ಹರಿಯುತ್ತದೆಂದು ಆ ಮುದುಕ ಉಸಿರು ಬಿಗಿಹಿಡಿದು, ಕೈ ಚಾಚಿಕೊಂಡೇ ನಿಂತ.