ಇಪ್ಪತ್ತೆರಡು ಅಡಿ ದೂರದ ಗಿಟಾರು

ಅಳತೆ ತೆಗೆಯದೆ ಯಾವುದಕ್ಕೂ ಕತ್ತರಿ ಹಾಕಬಾರದು ಎಂಬುದು ದರ್ಜಿ ನಂಬಿಕೊಂಡು ಬಂದಿದ್ದ ಏಕೈಕ ತತ್ವ. ಹಾಗಾಗಿ ಆಂಪ್ಲಿಫೈಯರ್ ಕೊಳ್ಳಬೇಕೆಂದು ನಿಶ್ಚಯಿಸಿದ ಬೆಳಿಗ್ಗೆ, ಹೆಂಡತಿ ಕೆಲಸಕ್ಕೆ ಹೊರಟ ಮೇಲೆ ಅವನು ಮಾಡಿದ ಮೊದಲ ಕೆಲಸವೆಂದರೆ, ಅಡುಗೆಮನೆಯ ಕಿಟಕಿಯ ಬಳಿಯ ಸ್ಟೂಲಿನಿಂದ ಮುಂದಿನ ಕೋಣೆಯಲ್ಲಿದ್ದ ತನ್ನ ಹೊಲಿಗೆ ಯಂತ್ರದವರೆಗೆ ಟೇಪು ಹಿಡಿದು ಅಳೆದದ್ದು. ಇಪ್ಪತ್ತೆರಡು ಅಡಿ. ಚೀಟಿಯಲ್ಲಿ ಬರೆದು ಜೇಬಿಗೆ ಹಾಕಿಕೊಂಡ. ಗಿಟಾರಿನ ಸದ್ದು ಅಷ್ಟು ದೂರ ಬಂದರೆ ಅವನ ಸಂಸಾರ ಉಳಿದಂತೆ.

ವಿಷಯ ಇಷ್ಟೆ. ಅವನ ಹೆಂಡತಿ ಹಲ್ಲಿನ ಆಸ್ಪತ್ರೆಯಲ್ಲಿ ಚೀಟಿ ಬರೆಯುವವಳು. ಇಡೀ ದಿನ ಕಂಡವರ ನರಳಾಟ ಕೇಳಿ, ಮನೆಗೆ ಬಂದು, ಸಂಜೆ ಆ ಸ್ಟೂಲಿನ ಮೇಲೆ ಕೂತು ಅರ್ಧ ಗಂಟೆ ಗಿಟಾರು ನುಡಿಸುತ್ತಾಳೆ. ಕಿಟಕಿಯ ಕಡೆ ಮುಖ, ಇವನ ಕಡೆ ಬೆನ್ನು. ಇವನು ಯಂತ್ರ ನಿಲ್ಲಿಸಿ ಕೂತಲ್ಲಿಂದಲೇ ಕೇಳುತ್ತಾನೆ. ಮುಗಿದ ಮೇಲೆ "ಇವತ್ತು ತುಂಬಾ ಚೆನ್ನಾಗಿತ್ತು ಕಣೇ" ಅನ್ನುತ್ತಾನೆ. ಮದುವೆಯಾದಾಗಿನಿಂದ ನಡೆದು ಬಂದ ಪರಿಪಾಠವದು. ಆದರೆ ಒಂದು ವರ್ಷದಿಂದ ಅವನಿಗೆ ಆ ಗಿಟಾರು ಸರಿಯಾಗಿ ಕೇಳಿಸುತ್ತಲೇ ಇಲ್ಲ. ದಪ್ಪ ತಂತಿಗಳು ಗುಂಯ್ಯೆನ್ನುವುದಷ್ಟೇ ಕಿವಿಗೆ ಬೀಳುತ್ತದೆ, ಮಿಕ್ಕದ್ದು ಬಾಗಿಲ ಹೊರಗೇ ನಿಂತುಬಿಡುತ್ತದೆ. ಮನೆಯ ಮುಂದಿನ ಕೋಣೆಯಲ್ಲೇ ಈ ಹೊಲಿಗೆ ಅಂಗಡಿ ಇಡುವ ಮೊದಲು ಇಪ್ಪತ್ತು ವರ್ಷ ಪ್ಯಾಂಟು ಹೊಲಿಯುವ ಕಾರ್ಖಾನೆಯಲ್ಲಿ ಅರವತ್ತು ಯಂತ್ರಗಳ ನಡುವೆ ಕೂತಿದ್ದವನು ಅವನು. ಕೈಕಸುಬು ಅಲ್ಲಿಂದ ಬಂತು, ಅರ್ಧ ಕಿವಿ ಅಲ್ಲೇ ಉಳಿಯಿತು.

ಹೇಳಿಬಿಡಬಹುದಿತ್ತು. ಯಾಕೆ ಹೇಳಲಿಲ್ಲವೆಂದರೆ, ಅವನ ಅಪ್ಪನಿಗೂ ಹೀಗೇ ಆಗಿತ್ತು. ಬೀದಿಯವರು ಅಪ್ಪನ ಎದುರೇ ನಿಂತು "ಕಿವುಡಪ್ಪ" ಎಂದು ನಗುತ್ತಿದ್ದರು. ಅಪ್ಪನಿಗೆ ಅದು ಕೇಳಿಸುತ್ತಿರಲಿಲ್ಲ, ಕೈ ಹಿಡಿದು ನಿಂತ ಮಗನಿಗೆ ಕೇಳಿಸುತ್ತಿತ್ತು. ಹಾಗಾಗಿ ಈಗ ದರ್ಜಿ, ಬಾಯಿ ಬಿಟ್ಟರೆ ಬಣ್ಣಗೇಡು ಎಂದು ಸುಮ್ಮನಿದ್ದ. ಗಿರಾಕಿಗಳ ತುಟಿ ನೋಡಿ ಅರ್ಥ ಮಾಡಿಕೊಳ್ಳುತ್ತಿದ್ದ, ಹೆಂಡತಿ ಏನೇ ಹೇಳಲಿ "ಹೂಂ" ಅನ್ನುತ್ತಿದ್ದ. ಎಲ್ಲದಕ್ಕೂ ಹೂಂಗುಟ್ಟುವ ಗಂಡ ಸಿಕ್ಕರೆ ಯಾವ ಹೆಂಡತಿ ತಾನೆ ದೂರುತ್ತಾಳೆ ಎಂದು ಅವನ ಲೆಕ್ಕ.

ಆ ಲೆಕ್ಕ ತಲೆಕೆಳಗಾದದ್ದು ಹೋದ ಭಾನುವಾರ. ಅವಳು ಬಂದು ಎದುರಿಗೇ ನಿಂತು ಹೇಳಿದಳು.

"ರೀ, ಗಿಟಾರ್ ಕೊಟ್ಟುಬಿಡ್ತೀನಿ. ನಮ್ಮ ಡಾಕ್ಟರ ಮಗಳು ಕೇಳ್ತಿದ್ದಾಳೆ. ಬರೋ ಭಾನುವಾರ ಬಂದು ತಗೊಂಡು ಹೋಗ್ತಾಳೆ."

"ಯಾಕೆ?"

"ಕೋಣನ ಮುಂದೆ ಕಿನ್ನರಿ ಬಾರಿಸಿದ್ದು ಸಾಕು ಅನ್ನಿಸ್ತು."

ದರ್ಜಿಗೆ ತಲೆಬುಡ ತಿಳಿಯಲಿಲ್ಲ. ಕೋಣ ಯಾರೆಂಬುದು ಮಾತ್ರ ತಿಳಿಯಿತು. ದಿನಾ ತಪ್ಪದೆ ಹೊಗಳುವ ಕೋಣ ಎಲ್ಲಾದರೂ ಉಂಟೇ? ಎರಡು ದಿನ ಯೋಚಿಸಿದ. ತನ್ನ ಹೊಗಳಿಕೆ ಪೊಳ್ಳು ಎಂಬ ವಾಸನೆ ಅವಳಿಗೆ ಬಡಿದಿರಬೇಕು. ಹಾಗಾದರೆ ಭಾನುವಾರದ ಒಳಗೆ ನಿಜವಾಗಿ ಕೇಳಿಸಿಕೊಂಡು, ನಿಜವಾಗಿ ಹೊಗಳಬೇಕು. ತನ್ನ ಕಿವಿಯನ್ನಂತೂ ದೊಡ್ಡದು ಮಾಡಲಾಗದು, ಸದ್ದನ್ನೇ ದೊಡ್ಡದು ಮಾಡಿಸಿದರಾಯಿತು. ಹೀಗೆ ಆಂಪ್ಲಿಫೈಯರ್ ಅವನ ತಲೆಗೆ ಹೊಕ್ಕಿತು.

ಮೊದಲು ಭಾಮೈದನನ್ನು ಕೇಳಿದ. ಭಾಮೈದ ಲಿಫ್ಟು ರಿಪೇರಿ ಮಾಡುವವನು, ಕರೆಂಟಿನಲ್ಲಿ ಓಡುವ ಯಾವುದರ ಬಗ್ಗೆಯೂ ಅವನಲ್ಲಿ ಅಭಿಪ್ರಾಯ ಸಿದ್ಧವಾಗಿರುತ್ತಿತ್ತು.

"ಭಾವ, ನೂರು ವ್ಯಾಟ್‌ಗಿಂತ ಕಡಿಮೆದು ಮುಟ್ಟಲೇಬೇಡಿ. ತಗೊಳ್ಳೋದು ಒಂದೇ ಸಲ, ದೊಡ್ಡದೇ ತಗೊಳ್ಳಿ!"

ದರ್ಜಿ ತಲೆಯ ಮೇಲಿನ ಬಲ್ಬನ್ನು ನೋಡಿದ. ಅದು ಒಂಬತ್ತು ವ್ಯಾಟಿನದು, ಕೋಣೆಗೆಲ್ಲ ಸಾಲುತ್ತಿತ್ತು. ಬೆಳಕಿಗೆ ಒಂಬತ್ತು ಸಾಕಾದರೆ ಸದ್ದಿಗೆ ನೂರು ಯಾಕೆ? ಕೇಳಿದರೆ ಭಾಮೈದ "ಅದು ಬೇರೆ, ಇದು ಬೇರೆ" ಅಂದ. ಅಲ್ಲಿಗೆ ಗೊಂದಲ ಒಂದಿದ್ದದ್ದು ಎರಡಾಯಿತು.

ಆಮೇಲೆ ವಾದ್ಯದಂಗಡಿಗೆ ಹೋದ. ಅದರ ಒಡತಿ ಗುಂಗುರು ಕೂದಲಿನ, ಐವತ್ತರ ಆಸುಪಾಸಿನ ಹೆಂಗಸು. ದರ್ಜಿ ಚೀಟಿ ತೆಗೆದು ಓದಿದ. "ಮೇಡಂ, ಇಪ್ಪತ್ತೆರಡು ಅಡಿಗೆ ಯಾವುದು ಸಾಕಾಗುತ್ತೆ?"

"ಅಡಿ ಲೆಕ್ಕದಲ್ಲಿ ನಾವು ಮಾರಲ್ಲ ಸರ್," ಎಂದು ಆಕೆ ನಕ್ಕಳು. "ಗಿಟಾರ್ ಎಂಥದ್ದು?"

"ಮರದ್ದು."

"ಎಲ್ಲಾ ಮರದ್ದೇ. ಹೊಟ್ಟೆ ಟೊಳ್ಳಾಗಿದ್ಯಾ?"

"ಟೊಳ್ಳು. ಮಧ್ಯೆ ದೊಡ್ಡ ತೂತಿದೆ."

"ಹಾಗಾದ್ರೆ ಅಕೌಸ್ಟಿಕ್. ಅದಕ್ಕೆ ಅಂತಲೇ ಆಂಪ್ ಬರುತ್ತೆ. ಎಲೆಕ್ಟ್ರಿಕ್ ಗಿಟಾರಿನದಕ್ಕೆ ಹಾಕಿದ್ರೆ ಸದ್ದಿನ ಬಣ್ಣವೇ ಬದಲಾಗುತ್ತೆ. ಇದು ಇದ್ದದ್ದನ್ನ ಇದ್ದ ಹಾಗೇ ದೊಡ್ಡದು ಮಾಡುತ್ತೆ."

ಆಕೆ ಮೂರನ್ನು ಸಾಲಾಗಿ ಇಟ್ಟಳು. ಮೊದಲನೆಯದು ಬ್ಯಾಟರಿಯಲ್ಲಿ ನಡೆಯುವ ಪುಟ್ಟದು, ಊಟದ ಡಬ್ಬಿಯಷ್ಟಿತ್ತು. ಎರಡನೆಯದು ಮೂವತ್ತು ವ್ಯಾಟಿನದು, ಹಾಡುವವರ ಮೈಕಿಗೂ ಒಂದು ಜಾಗವಿತ್ತು. ಮೂರನೆಯದು ಭಾಮೈದ ಹೇಳಿದ ನೂರರದು. ಅದರಲ್ಲಿ ಗುಹೆಯಲ್ಲಿ ನುಡಿಸಿದ ಹಾಗೆ, ದೊಡ್ಡ ಹಾಲಿನಲ್ಲಿ ನುಡಿಸಿದ ಹಾಗೆ ಹದಿನಾರು ಬಗೆಯ ಸದ್ದು ಬರುತ್ತಿತ್ತಂತೆ. ದರ್ಜಿಗೆ ತನ್ನ ಹೊಲಿಗೆ ಯಂತ್ರ ನೆನಪಾಯಿತು. ಮೂವತ್ತೆರಡು ಬಗೆಯ ಹೊಲಿಗೆ ಹಾಕುತ್ತದೆಂದು ಕೊಂಡದ್ದು. ಹತ್ತು ವರ್ಷದಲ್ಲಿ ನೇರ ಹೊಲಿಗೆ ಬಿಟ್ಟು ಬೇರೊಂದನ್ನು ಮುಟ್ಟಿರಲಿಲ್ಲ. ಅಡುಗೆಮನೆಯಲ್ಲಿ ಕೂತು ಗುಹೆಯ ಸದ್ದು ಮಾಡಿ ಯಾರನ್ನು ಹೆದರಿಸಬೇಕು?

"ಮನೆಗಾದ್ರೆ ಮಧ್ಯದ್ದು ಸಾಕು. ವ್ಯಾಟ್ ನೋಡಿ ಯಾರೂ ತಗೋಬಾರದು, ಕಿವಿಯಲ್ಲಿ ಕೇಳಿ ತಗೋಬೇಕು," ಎಂದು ಆಕೆ ಅಂಗಡಿಯ ಗಿಟಾರು ಎತ್ತಿಕೊಂಡು ಮೂರರಲ್ಲೂ ಒಂದೇ ರಾಗ ನುಡಿಸಿದಳು. "ವ್ಯತ್ಯಾಸ ಗೊತ್ತಾಯ್ತಾ?"

ಗೊತ್ತಾಗಲಿಲ್ಲ. ಮೂರೂ ಒಂದೇ ಬಟ್ಟೆಯ ಮೂರು ತುಂಡಿನ ಹಾಗಿದ್ದವು. ದರ್ಜಿ ಆಕೆಯ ಮುಖದಲ್ಲಾದರೂ ಉತ್ತರ ಸಿಗುತ್ತದೇನೋ ಎಂದು ನೋಡಿದ. ಸಿಗಲಿಲ್ಲ.

"ಎಲ್ಲಾ ಚೆನ್ನಾಗಿದೆ," ಅಂದ.

"ಎಲ್ಲಾ ಚೆನ್ನಾಗಿದೆ ಅನ್ನೋರಿಗೆ ನಾನು ಮಾರಲ್ಲ ಸರ್. ಆಮೇಲೆ ವಾಪಸ್ ತರ್ತಾರೆ. ನಿಮ್ಮ ಗಿಟಾರನ್ನೇ ತಗೊಂಡು ಬನ್ನಿ. ವೈರ್ ಚುಚ್ಚೋಕೆ ಜಾಗ ಇದೆ ತಾನೆ?"

"ಇದೆ ಇದೆ, ಬುಡದಲ್ಲಿ. ಕವರ್ ಹೊಲಿದವನೇ ನಾನು. ಅದಕ್ಕೆ ಅಂತ ಕಾಜ ಕೂಡ ಮಾಡಿದ್ದೀನಿ."

ಶನಿವಾರ ಹೆಂಡತಿ ಆಸ್ಪತ್ರೆಗೆ ಹೋಗುವುದನ್ನೇ ಕಾದು, ಗಿಟಾರನ್ನು ಕವರಿನ ಸಮೇತ ಬೆನ್ನಿಗೆ ಹಾಕಿಕೊಂಡು ಹೊರಟ. ತನ್ನ ಮನೆಯಿಂದಲೇ ಕದ್ದು ಹೊರಟವನಂತೆ ಅತ್ತಿತ್ತ ನೋಡುತ್ತ ನಡೆದ.

ಒಡತಿ ಮೊದಲು ಕಾಜದೊಳಗಿಂದ ಇಣುಕುತ್ತಿದ್ದುದನ್ನು ಮುಟ್ಟಿ ನೋಡಿದಳು. "ಇದು ಬೆಲ್ಟ್ ಸಿಕ್ಕಿಸೋ ಗುಂಡಿ ಸರ್. ವೈರಿಗೆ ಇದರಲ್ಲಿ ಜಾಗವೇ ಇಲ್ಲ."

ಗುಂಡಿ ಕಂಡಲ್ಲಿ ಕಾಜ ಹೊಲಿದದ್ದು ದರ್ಜಿಯ ತಪ್ಪೇನಲ್ಲ. ಆದರೂ ಅವನು ಇಂಗು ತಿಂದ ಮಂಗನಂತೆ ನಿಂತ.

"ಪರವಾಗಿಲ್ಲ, ಸದ್ದು ಹಿಡಿದು ವೈರಿಗೆ ಕೊಡೋದು ಒಂದು ಸಿಗುತ್ತೆ, ಒಳಗೆ ಅಂಟಿಸಿದ್ರಾಯ್ತು," ಎನ್ನುತ್ತ ಆಕೆ ಕವರಿನ ಜಿಪ್ಪು ಪೂರ್ತಿ ಎಳೆದು ಗಿಟಾರನ್ನು ಹೊರತೆಗೆದಳು. ತೆಗೆದವಳು ತಂತಿಗಳ ಮೇಲೆ ಬೆರಳಾಡಿಸಿದಳು. "ಇದರ ಎರಡು ತಂತಿ ಎಲ್ಲಿ ಸರ್?"

ದರ್ಜಿ ಎಣಿಸಿದ. ನಾಲ್ಕು. ಗಿಟಾರಿಗೆ ಆರೆಂದು ಅವನಿಗೆ ಗೊತ್ತಿತ್ತು. ಮತ್ತೊಮ್ಮೆ ಎಣಿಸಿದ, ನಾಲ್ಕೇ. ಕೆಳಗಿನ ಎರಡು ತೆಳು ತಂತಿಗಳ ಜಾಗ ಖಾಲಿ. ಒಂದು ಬಿರಡೆಯಲ್ಲಿ ಹರಿದ ತಂತಿಯ ಚೂರು ಸುರುಳಿಯಾಗಿ ತುಕ್ಕು ಹಿಡಿದಿತ್ತು. ಇನ್ನೊಂದರಲ್ಲಿ ಏನೂ ಇರಲಿಲ್ಲ, ಯಾರೋ ಬೇಕೆಂದೇ ಬಿಚ್ಚಿ ತೆಗೆದಿದ್ದರು. ಎರಡರ ಮೇಲೂ ಧೂಳು ಕೂತಿತ್ತು.

"ತುಂಬಾ ತಿಂಗಳಾಗಿದೆ," ಅಂದಳು ಆಕೆ. "ಯಾರೂ ನುಡಿಸ್ತಿರಲಿಲ್ವಾ?"

"ದಿನಾ ನುಡಿಸ್ತಾಳೆ."

"ನೀವು ಕೇಳ್ತಿದ್ರಾ?"

"ದಿನಾ," ಅಂದ. ಹೇಳುವಾಗಲೇ ಅವನಿಗೆ ಹೊಳೆಯಿತು. ತಿಂಗಳುಗಟ್ಟಲೆ ಆರರಲ್ಲಿ ನಾಲ್ಕೇ ತಂತಿ ನುಡಿದಿವೆ. ತಿಂಗಳುಗಟ್ಟಲೆ ತಾನು ಇಪ್ಪತ್ತೆರಡು ಅಡಿ ದೂರದಿಂದ ತುಂಬಾ ಚೆನ್ನಾಗಿತ್ತು ಅಂದಿದ್ದೇನೆ. ವಾರವಿಡೀ ಬಿಡಿಸಲಾಗದ ಕೋಣನ ಒಗಟು ಆ ಮೇಜಿನ ಮುಂದೆ ತಾನಾಗಿ ಬಿಚ್ಚಿಕೊಂಡಿತು. ಅವನಿಗೆ ಅಳು ಬಂತು. ಆಂಪ್ಲಿಫೈಯರಿನ ಮಾತೆತ್ತದೆ ಎರಡು ತಂತಿ ಕೊಂಡು ಮನೆಗೆ ಬಂದ.

ಶನಿವಾರ ಆಸ್ಪತ್ರೆ ಅರ್ಧ ದಿನವೆಂಬುದನ್ನು ಮರೆತಿದ್ದ. ಅವಳು ಬಾಗಿಲಲ್ಲೇ ನಿಂತಿದ್ದಳು.

"ಎಲ್ಲಿಗೆ ತಗೊಂಡು ಹೋಗಿದ್ರಿ ಅದನ್ನ?"

ಅವನು ತಂತಿಯ ಪೊಟ್ಟಣವನ್ನು ಚಾಚಿದ. ಅವಳು ಅದನ್ನು ನೋಡಿದಳು, ಅವನನ್ನು ನೋಡಿದಳು.

"ಈಗ ಗೊತ್ತಾಯ್ತಾ?" ಅಂದಳು. "ಮೊದಲನೇದು ತಾನಾಗೇ ಹರೀತು. ಏನಾಯ್ತು ಅಂತ ಕೇಳ್ತೀರೇನೋ ಅಂತ ಕಾದೆ. ತುಂಬಾ ಚೆನ್ನಾಗಿತ್ತು ಅಂದ್ರಿ. ಒಂದು ತಿಂಗಳು ಬಿಟ್ಟು ಎರಡನೇದನ್ನ ನಾನೇ ಬಿಚ್ಚಿದೆ. ಆಗಲೂ ತುಂಬಾ ಚೆನ್ನಾಗಿತ್ತು. ನನ್ನ ಮೇಲೆ ಆಸಕ್ತಿ ಹೋಯ್ತು, ಬಾಯಿಪಾಠ ಮಾತ್ರ ಉಳೀತು ಅಂದ್ಕೊಂಡೆ."

"ನನಗೆ ಕಿವಿ ಕೇಳಿಸ್ತಿಲ್ಲ ಕಣೇ."

ಅವನು ಅದನ್ನು ಎಷ್ಟು ಜೋರಾಗಿ ಹೇಳಿದನೆಂದರೆ ಬೀದಿಯಲ್ಲಿ ಹೋಗುತ್ತಿದ್ದವರು ತಿರುಗಿ ನೋಡಿದರು. ನೋಡಲಿ ಎಂದು ಮತ್ತೊಮ್ಮೆ ಹೇಳಿದ. ಕಾರ್ಖಾನೆಯದ್ದು, ಅಪ್ಪನದ್ದು, ತುಟಿ ನೋಡುವುದು, ಹೂಂಗುಟ್ಟುವುದು, ಆಂಪ್ಲಿಫೈಯರ್ ಹುಡುಕಿ ಹೋದದ್ದು, ಎಲ್ಲವನ್ನೂ ಹೊಸ್ತಿಲಲ್ಲೇ ನಿಂತು ಒದರಿಬಿಟ್ಟ. ಅವಳು ಗಿಟಾರನ್ನು ಇಸಿದುಕೊಂಡು ಒಳಗೆ ಹೋದಳು. ಮುಖ ಅತ್ತ ತಿರುಗಿಸಿ ಏನೋ ಅಂದಳು. ಅವನು ಅಭ್ಯಾಸಬಲದಿಂದ "ಹೂಂ" ಎನ್ನಲು ಹೋಗಿ ತಡೆದುಕೊಂಡ.

"ಏನಂದೆ? ಕೇಳಿಸ್ಲಿಲ್ಲ."

ಅವಳು ತಿರುಗಿದಳು. ಕಣ್ಣು ಒದ್ದೆಯಾಗಿತ್ತು. "ಪೆದ್ದು ಅಂದೆ," ಎಂದು ಅವನಿಗೆ ಕಾಣುವಂತೆ, ಕೇಳುವಂತೆ ಹೇಳಿದಳು. "ಸೋಮವಾರ ಕಿವಿ ಡಾಕ್ಟರ್ ಹತ್ರ ಹೋಗೋಣ. ಆಂಪ್ಲಿಫೈಯರ್ ಆಮೇಲೆ."

"ನಾಳೆ ಆ ಹುಡುಗಿ ಬಂದ್ರೆ?"

"ಕೊಡಲ್ಲ ಅಂತ ನೀವೇ ಹೇಳಿ. ಈಗ ಕೂಗಿದ್ರಲ್ಲ, ಅಷ್ಟೇ ಜೋರಾಗಿ."

ಎರಡು ತಂತಿ ಬಿಗಿದು, ಸ್ಟೂಲನ್ನು ಎತ್ತಿಕೊಂಡು ಬಂದು ಅವನ ಯಂತ್ರದ ಪಕ್ಕದಲ್ಲೇ ಇಟ್ಟು ಕೂತಳು. ಈ ಸಲ ಮುಖ ಅವನ ಕಡೆಗೆ. ದರ್ಜಿ ತಲೆ ಬಗ್ಗಿಸಿ, ಗಿಟಾರಿನ ಮೈಗೆ ಅಂಗೈ ಊರಿ ಕೇಳಿದ. ಮುಗಿದ ಮೇಲೆ ಅವಳು ಕಾದಳು. ತುಂಬಾ ಚೆನ್ನಾಗಿತ್ತು ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು, ಅವನು ಅದನ್ನು ನುಂಗಿದ.

"ದಪ್ಪ ತಂತಿದೆಲ್ಲ ಕೇಳಿಸ್ತು. ತೀರಾ ತೆಳುದು ಮೂರು ಸಲ ಮಾತ್ರ."

"ನಾಲ್ಕು ಸಲ ಮೀಟಿದ್ದೆ," ಎಂದಳು ಅವಳು, ಮತ್ತೆ ಮೊದಲಿನಿಂದ ನುಡಿಸತೊಡಗಿದಳು.